ಹಿಂದಿನ ಕಾರಿನವರು ಮೋಹನ ರಾಗದಲ್ಲಿದ್ದಾರೆ, ದಾರಿ ಬಿಡಿ

ನಮ್ಮ ರಸ್ತೆಗಳ ಸಮಸ್ಯೆ ಏನು ಅಂತ ಯಾರನ್ನಾದರೂ ಕೇಳಿ ನೋಡಿ. ಗುಂಡಿ ಅಂತಾರೆ. ಜಾಮ್ ಅಂತಾರೆ. ಒನ್‌ವೇಯಲ್ಲಿ ಎದುರಿಗೆ ಬಂದು ನಮ್ಮನ್ನೇ ಗುರಾಯಿಸುವ ಬೈಕಿನವನು ಅಂತಾರೆ. 'ಹಾರ್ನ್‌ನಲ್ಲಿ ಮಾಧುರ್ಯ ಸಾಲದು' ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ನಾವ್ಯಾರೂ ಮಂತ್ರಿಗಳಾಗಿಲ್ಲ.

ಕೇಂದ್ರದ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿಯವರಿಗೆ ಅದು ಹೊಳೆದಿದೆ. ಎಲ್ಲ ವಾಹನಗಳ ಹಾರ್ನ್‌ನಲ್ಲೂ ಭಾರತೀಯ ವಾದ್ಯಗಳ ನಾದವೇ ಬರಬೇಕು, ಅದಕ್ಕೊಂದು ಕಾನೂನು ತರುವ ಯೋಚನೆ ಇದೆ ಅಂತ 2025ರ ಏಪ್ರಿಲ್‌ನಲ್ಲಿ ಅವರು ಹೇಳಿದರು. ಕೊಳಲು, ತಬಲಾ, ವಯಲಿನ್, ಹಾರ್ಮೋನಿಯಂ ಅಂತ ವಾದ್ಯಗಳ ಹೆಸರನ್ನೂ ಕೊಟ್ಟರು. ಕೇಳುವುದಕ್ಕೆ ಹಿತವಾಗಿರಲಿ ಅನ್ನುವುದು ಉದ್ದೇಶ.

ಇದು ಮೈಕ್ ಮುಂದೆ ಫಕ್ಕನೆ ಬಂದ ಮಾತಲ್ಲ. 2021ರ ಅಕ್ಟೋಬರ್‌ನಲ್ಲಿ ನಾಸಿಕ್‌ನಲ್ಲೂ ಅವರು ಇದೇ ರಾಗ ಹಾಡಿದ್ದರು. ನಾಗಪುರದಲ್ಲಿ ನಾನಿರುವುದು 11ನೇ ಮಹಡಿಯಲ್ಲಿ, ಬೆಳಗ್ಗೆ ಒಂದು ಗಂಟೆ ಪ್ರಾಣಾಯಾಮ ಮಾಡುತ್ತೇನೆ, ಹಾರ್ನ್ ಸದ್ದು ಆ ಶಾಂತಿಯನ್ನು ಕೆಡಿಸುತ್ತದೆ ಅಂದಿದ್ದರು. ಕಷ್ಟ ನಿಜವಾದದ್ದೇ. 11ನೇ ಮಹಡಿಯಲ್ಲಿ ಉಸಿರು ಹಿಡಿದು ಕೂತವರಿಗೇ ಹೀಗಾದರೆ, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಉಸಿರು ಹಿಡಿದು ನಿಂತವರ ಪಾಡೇನು? ಅಲ್ಲಿ ಉಸಿರು ಹಿಡಿಯುವ ಕಾರಣವೇ ಬೇರೆ, ಬಿಡಿ.

ನಾನಂತೂ ಈ ಯೋಜನೆಯ ಪರ. ಒಂದಷ್ಟು ಸಣ್ಣಪುಟ್ಟ ಅನುಮಾನಗಳಿವೆ, ಅಷ್ಟೇ.

ಮೊದಲು ಕೊಳಲು. ಕೊಳಲಿನ ಸಾಮರ್ಥ್ಯ ಏನು ಅಂತ ಈ ದೇಶದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕೃಷ್ಣ ಊದಿದ ತಕ್ಷಣ ಎಲ್ಲೆಲ್ಲೋ ಮೇಯುತ್ತಿದ್ದ ಹಸುಗಳೆಲ್ಲ ಓಡಿ ಬಂದು ಸುತ್ತ ನಿಲ್ಲುತ್ತಿದ್ದವು. ನಮ್ಮ ರಸ್ತೆಯಲ್ಲಿ ಹಾರ್ನ್ ಇರುವ ಮುಖ್ಯ ಕಾರಣವೇ ಹಸು. ಅದನ್ನು ರಸ್ತೆಯಿಂದ ಆಚೆ ಕಳಿಸುವುದಕ್ಕೆ ಇರುವ ಉಪಕರಣಕ್ಕೆ, ಅದನ್ನು ಹತ್ತಿರ ಕರೆಯುವ ವಾದ್ಯವನ್ನು ಜೋಡಿಸುತ್ತಿದ್ದೇವೆ. ತುಮಕೂರು ರಸ್ತೆಯಲ್ಲಿ ಒಬ್ಬ ಲಾರಿಯವನು ಕೊಳಲು ಊದಿದನು ಅಂದುಕೊಳ್ಳಿ. ಅಕ್ಕಪಕ್ಕದ ಹಳ್ಳಿಗಳ ದನವೆಲ್ಲ ಹೈವೇಗೆ ಬಂದು ಕಣ್ಣು ಮುಚ್ಚಿ ನಿಂತಿರುತ್ತದೆ.

ತಬಲಾ ಬಗ್ಗೆ ತಕರಾರಿಲ್ಲ. ನಮ್ಮ ಜನ ಈಗಲೂ ಹಾರ್ನ್ ಮೇಲೆ ತೀನ್‌ತಾಳವನ್ನೇ ಬಾರಿಸುತ್ತಿದ್ದಾರೆ.

ವಯಲಿನ್ ಮತ್ತು ಹಾರ್ಮೋನಿಯಂ ವಿಷಯ ಸ್ವಲ್ಪ ನಾಜೂಕು. ಭಾರತೀಯ ವಾದ್ಯ ಅಂತ ಹೆಸರಿಸಿದ ನಾಲ್ಕರಲ್ಲಿ ಇವೆರಡೂ ಹಡಗು ಹತ್ತಿ ಬಂದವು. ಪಿಟೀಲನ್ನು ನಾವು ಎಷ್ಟು ನಮ್ಮದು ಮಾಡಿಕೊಂಡಿದ್ದೇವೆ ಅಂದರೆ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರಿಸಿದ್ದೇವೆ. ಮೈಸೂರು ಟಿ. ಚೌಡಯ್ಯನವರು ಅದಕ್ಕೆ ಮೂರು ತಂತಿ ಹೆಚ್ಚಿಗೆ ಹಾಕಿ ಏಳು ಮಾಡಿದರು. ನಾದ ಕಟ್ಟಕಡೆಯ ಸಾಲಿನವರೆಗೂ ಮುಟ್ಟಲಿ ಅನ್ನುವುದು ಅವರ ಆಸೆ. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ಇದೆ. ಕಾನೂನು ಬಂದ ಮೇಲೆ ಒಳಗೆ ಕಛೇರಿ ನಡೆಸುವ ಪಿಟೀಲಿಗಿಂತ ಹೊರಗೆ ಪಾರ್ಕಿಂಗ್ ಸಿಗದೆ ನಿಂತ ಪಿಟೀಲುಗಳೇ ಜಾಸ್ತಿ ಕೇಳಿಸುತ್ತವೆ. ಟಿಕೆಟ್ ಕೂಡ ಬೇಡ.

ಹಾರ್ಮೋನಿಯಂ ಕಥೆ ಇನ್ನೂ ಚೆನ್ನಾಗಿದೆ. ಪ್ಯಾರಿಸ್‌ನಲ್ಲಿ 1842ರಲ್ಲಿ ಅದಕ್ಕೆ ಪೇಟೆಂಟ್ ಆಯಿತು. ಆಮೇಲೆ ಕಲ್ಕತ್ತೆಯಲ್ಲಿ ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ನುಡಿಸುವ ಹಾಗೆ ಮಾಡಿಕೊಂಡರು. ಆದರೆ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನೇ ಬಹಿಷ್ಕರಿಸಿತು. ಇದು ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ, ಸ್ವರಗಳು ಒಂದೊಂದೂ ಬಿಡಿಬಿಡಿ, ಸ್ವರವನ್ನು ಅಲುಗಾಡಿಸುವ ಗಮಕ ಬರುವುದಿಲ್ಲ ಅನ್ನುವುದು ವಾದ. ಬಾಗಿಲು ಮತ್ತೆ ತೆರೆದದ್ದು 1971ರಲ್ಲಿ. ರೇಡಿಯೋದವರು 31 ವರ್ಷ ಒಳಗೆ ಬಿಡದ ವಾದ್ಯಕ್ಕೆ ಈಗ ರಸ್ತೆಯಲ್ಲಿ ರತ್ನಗಂಬಳಿ. ಗಮಕದ ಚಿಂತೆಯೂ ಇಲ್ಲ. ಅದನ್ನು ಗುಂಡಿಗಳು ನೋಡಿಕೊಳ್ಳುತ್ತವೆ.

ರೇಡಿಯೋ ಅಂದ ಮೇಲೆ ಆಂಬುಲೆನ್ಸ್ ನೆನಪಾಯಿತು. ಆಂಬುಲೆನ್ಸ್ ಸೈರನ್ ಕೂಡ ಕರ್ಕಶ, ಅದರ ಬದಲು ಹಿಂದೆ ಬೆಳಗ್ಗೆ ಆಕಾಶವಾಣಿಯಲ್ಲಿ ಬರುತ್ತಿದ್ದ ಟ್ಯೂನ್ ಹಾಕಿದರೆ ಹೇಗೆ ಅನ್ನುವುದು ಸಚಿವರ ನಾಸಿಕ್ ಭಾಷಣದ ಇನ್ನೊಂದು ಐಡಿಯಾ. ಆ ಟ್ಯೂನ್ ಮಾಡಿದವರು ವಾಲ್ಟರ್ ಕೌಫ್‌ಮನ್. ಹಿಟ್ಲರ್ ಕಾಲದಲ್ಲಿ ಯುರೋಪ್ ಬಿಟ್ಟು ಮುಂಬೈಗೆ ಬಂದ ಯಹೂದಿ ಸಂಗೀತಗಾರ. 1930ರ ದಶಕದಲ್ಲಿ ಅವರು ಮಾಡಿಟ್ಟ ಆ ಕೆಲವೇ ಸೆಕೆಂಡುಗಳ ತುಣುಕು ತಲೆಮಾರುಗಳ ಜನರನ್ನು ಹಾಸಿಗೆಯಿಂದ ಎಬ್ಬಿಸಿದೆ. ಅದರ ಮೇಲೆ ನನಗೂ ತುಂಬಾ ಪ್ರೀತಿ. ತೊಂದರೆ ಇರುವುದೇ ಅಲ್ಲಿ. ಆ ಟ್ಯೂನ್ ಕೇಳಿದರೆ ನಮ್ಮ ಮನೆಯ ಹಿರಿಯರು ದಾರಿ ಬಿಡುವುದಿಲ್ಲ, ಕಾಫಿಗೆ ನೀರಿಡುತ್ತಾರೆ. ಆಮೇಲೆ ವಂದೇ ಮಾತರಂ ಬರುತ್ತದಲ್ಲ ಅಂತ ನಿಂತು ಕಾಯುತ್ತಾರೆ. ರೇಡಿಯೋದ 'ಚಿಂತನ' ಕಾರ್ಯಕ್ರಮ ಮುಗಿಯುವ ತನಕ ಆಂಬುಲೆನ್ಸ್ ಒಳಗಿರುವವರೂ ಕಾಯಬೇಕಾಗುತ್ತದೆ. ಸೈರನ್ ಕೆಟ್ಟದಾಗಿ ಕೂಗುವುದು ಅದರ ದೋಷ ಅಲ್ಲ. ಅದರ ಕೆಲಸವೇ ಅದು. ಹಿತವಾದ ಸೈರನ್ ಕೇಳಿ ಜಾಗ ಬಿಡುವವರು ಯಾರು? ಕೇಳುತ್ತಾ ಜೊತೆಗೇ ಹೋಗೋಣ ಅನಿಸುತ್ತದೆ.

ಇನ್ನು ಕಾನೂನು. ಹೊಸದು ತರುವ ಮೊದಲು ಹಳೆಯದನ್ನು ಒಮ್ಮೆ ನೋಡಬೇಕಲ್ವಾ? ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಇದೆ. ಒಂದರ ಹಿಂದೆ ಒಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್ ಅನ್ನು ಯಾವ ವಾಹನಕ್ಕೂ ಹಾಕುವಂತಿಲ್ಲ ಅಂತ ಅದು ಹೇಳುತ್ತದೆ. ಆಂಬುಲೆನ್ಸ್, ಫೈರ್ ಇಂಜಿನ್, ಪೊಲೀಸ್ ಗಾಡಿಗಳಂಥ ಕೆಲವಕ್ಕೆ ಮಾತ್ರ ರಿಯಾಯಿತಿ. ಅಂದರೆ ಇವತ್ತಿನ ಲೆಕ್ಕದಲ್ಲಿ 'ಸ' ಹೊಡೆಯಬಹುದು. 'ಸರಿಗಮ' ಹೊಡೆದರೆ ಅಪರಾಧ. ಇದನ್ನು ನೋಡಿಕೊಳ್ಳುವ ಇಲಾಖೆ ಯಾವುದು? ಅದೇ ಗಡ್ಕರಿಯವರದು.

ಸದ್ದಿನ ಲೆಕ್ಕವೂ ತಮಾಷೆಯಾಗಿದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45 ಡೆಸಿಬಲ್ ಮಿತಿ. ಕಾರಿನ ಹಾರ್ನ್‌ಗೆ ಇರುವ ಮಾನದಂಡ ನೋಡಿದರೆ ಕನಿಷ್ಠವೇ 93, ಗರಿಷ್ಠ 112. ಡೆಸಿಬಲ್ 10 ಹೆಚ್ಚಾದರೆ ಶಬ್ದದ ಶಕ್ತಿ 10 ಪಟ್ಟು ಹೆಚ್ಚಾಗುತ್ತದೆ. 55 ಎಲ್ಲಿ, 93 ಎಲ್ಲಿ! ಎರಡೂ ಸರ್ಕಾರದ್ದೇ ಸಂಖ್ಯೆ. ಒಂದು ಕಡತಕ್ಕೆ ಇನ್ನೊಂದು ಕಡತ ಹಾರ್ನ್ ಹೊಡೆದಿದ್ದರೂ ಕೇಳಿಸಿಲ್ಲ. ಈಗ ಅದೇ 112 ಡೆಸಿಬಲ್‌ಗೆ ಕೊಳಲನ್ನು ಏರಿಸಿದರೆ ಅದು ಕೊಳಲಾಗಿ ಉಳಿಯುತ್ತದೆಯೇ? ಪ್ರೆಷರ್ ಕುಕ್ಕರ್ ಕೂಡ ಕೊಳವೆಯಿಂದಲೇ ಊದುತ್ತದೆ. ಅದನ್ನು ಯಾರೂ ವೇಣುವಾದನ ಅನ್ನುವುದಿಲ್ಲ.

ಸುಮ್ಸುಮ್ನೆ ಹಾರ್ನ್ ಹೊಡೆದವರಿಗೆ ಈಗಾಗಲೇ ದಂಡ ಇದೆ. ಮೊದಲ ಸಲ 1,000 ರೂಪಾಯಿ, ಮತ್ತೆ ಮಾಡಿದರೆ 2,000. 2019ರ ತಿದ್ದುಪಡಿಯಲ್ಲೇ ಬಂದಿದೆ. ಅದನ್ನು ಕಟ್ಟಿದವರನ್ನು ಯಾರಾದರೂ ನೋಡಿದ್ದೀರಾ? ಇನ್ನು ಮುಂದೆ ಆ ಆಸೆಯೂ ಬೇಡ. ಪೊಲೀಸರು ಕೈ ಅಡ್ಡ ಹಿಡಿದರೆ ಉತ್ತರ ಸಿದ್ಧವಾಗಿರುತ್ತದೆ: "ಸಾರ್, ನಾನು ಹಾರ್ನ್ ಹೊಡೀಲಿಲ್ಲ. ಮೋಹನ ರಾಗ ತಗೊಂಡಿದ್ದೆ. ಆಲಾಪನೆ ಮುಗೀತು, ಕಲ್ಪನಾಸ್ವರ ಬಾಕಿ ಇದೆ." ಪಾಪ ಕಾನ್‌ಸ್ಟೇಬಲ್ ಏನು ಮಾಡಬೇಕು? ಹಿಂದೆ ಇದ್ದವರು 'ಭಲೇ' ಅಂದುಬಿಟ್ಟರೆ ಕೇಸ್ ಕೂಡ ನಿಲ್ಲುವುದಿಲ್ಲ.

ಹಾರ್ನ್ ನಮಗೆ ಸದ್ದು ಅಲ್ಲ, ಮಾತು. 'ಬಂದೆ', 'ಹೋಗು', 'ಯಾಕಪ್ಪಾ ನಿಂತೆ', 'ಗೇಟ್ ತೆಗಿ', 'ಪಾಪು ಸ್ಕೂಲಿಂದ ಬಂತು, ಕೆಳಗೆ ಬಾ' ಎಲ್ಲವನ್ನೂ ಹೆಬ್ಬೆರಳಲ್ಲೇ ಹೇಳುತ್ತೇವೆ. ಸಿಗ್ನಲ್‌ನಲ್ಲಿ ಇನ್ನೂ ಐದು ಸೆಕೆಂಡ್ ಕೆಂಪು ಇರುವಾಗಲೇ ಹಿಂದಿನಿಂದ ಶುರುವಾಗುತ್ತದೆ. ಮುಂದಿರುವವನು ಹೋಗುವಂತಿಲ್ಲ ಅಂತ ಹಿಂದಿರುವವನಿಗೆ ಗೊತ್ತು. ಆದರೂ ಹೊಡೆಯುತ್ತಾನೆ. ಬಹುಶಃ ಅದು ಮುಂದಿನ ಗಾಡಿಗಲ್ಲ, ವಿಧಿಗೆ. ಇನ್ನು ಲಾರಿಗಳ ಹಿಂದೆ ನೋಡಿದರೆ ಬಣ್ಣದಲ್ಲಿ ಬರೆದು ಬೇಡಿಕೊಂಡಿರುತ್ತಾರೆ: ಹಾರ್ನ್ ಓಕೆ ಪ್ಲೀಸ್. ಇದರಿಂದಲೇ ಜನ ಹೊಡೆಯುತ್ತಾರೆ ಅಂತ ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಆ ಬರಹವನ್ನು ನಿಷೇಧಿಸಿತು. ಅಕ್ಷರ ಅಳಿಸಿದರು. ಹೆಬ್ಬೆರಳು ಹಾಗೇ ಇದೆ.

ಕರ್ನಾಟಕದಲ್ಲಿ ಇದನ್ನು ಜಾರಿಗೆ ತರುವುದು ಅಷ್ಟು ಸುಲಭ ಅಲ್ಲ. ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿಗೆ ಚೆಂಡೆ ಬಿಟ್ಟು ಬೇರೇನು ಹಾಕಿದರೂ ಅವಮಾನ. ಧಾರವಾಡದಲ್ಲಿ ಸಮಯದ ಕಟ್ಟುಪಾಡು ಬರುತ್ತದೆ. ಬೆಳಗ್ಗೆ ಎಂಟಕ್ಕೆ ಯಾರಾದರೂ ಸಂಜೆಯ ರಾಗ ಯಮನ್ ಒತ್ತಿದರೆ ಹಿರಿಯರೊಬ್ಬರು ಸ್ಕೂಟರ್ ಸ್ಟ್ಯಾಂಡ್ ಹಾಕಿ ಇಳಿದು ಬರುತ್ತಾರೆ. "ತಮ್ಮಾ, ಯಾರ ಕಡೆ ಕಲ್ತೀ? ಹೊತ್ತು ಏರಿಲ್ಲ, ಈಗ್ಲೇ ಯಮನ್ ಹೊಡ್ಯಾಕತ್ತೀಯಲ್ಲ!" ಅವನು ಕ್ಷಮೆ ಕೇಳಿ ಬೆಳಗಿನ ರಾಗ ತೋಡಿಗೆ ಬದಲಾಯಿಸುವಷ್ಟರಲ್ಲಿ ಹಿಂದೆ ಜುಬಿಲಿ ಸರ್ಕಲ್ ತನಕ ಗಾಡಿ.

ಇಡೀ ರಾಜ್ಯಕ್ಕೆ ಒಂದೇ ಧಾಟಿ ಇರಲಿ ಅಂದರೆ ಮುಗಿಯಿತು ಕಥೆ. ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕು ಅನ್ನುವುದಕ್ಕೇ ನಾವು ಎಷ್ಟು ವರ್ಷ ಜಗಳವಾಡಿದ್ದೇವೆ! ಮೈಸೂರು ಅನಂತಸ್ವಾಮಿ ಧಾಟಿಯೋ, ಸಿ. ಅಶ್ವತ್ಥ್ ಧಾಟಿಯೋ? 2022ರಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿ, ಎರಡೂವರೆ ನಿಮಿಷ ಅಂತ ಆದೇಶ ಮಾಡಿತು. ಅದೂ ಹೈಕೋರ್ಟ್ ತನಕ ಹೋಗಿ ಬಂತು. ಹಾರ್ನ್‌ನ ಧಾಟಿಗೆ ಒಂದು ಸಮಿತಿ, ಸಮಿತಿಗೆ ಇನ್ನೊಂದು ಉಪಸಮಿತಿ, ವರದಿ ಬರುವಷ್ಟರಲ್ಲಿ ಗಾಡಿಗಳೆಲ್ಲ ಎಲೆಕ್ಟ್ರಿಕ್ ಆಗಿ, ಅವಕ್ಕೆ ಸದ್ದೇ ಇಲ್ಲ ಅಂತ ಇನ್ನೊಂದು ಸಮಿತಿ.

ಆದರೆ ಗಾಡಿಗಳ ಬಿಡಿಭಾಗ ಮಾರುವ ಬೆಂಗಳೂರಿನ ಜೆ.ಸಿ. ರೋಡ್ ಸಮಿತಿಗೆಲ್ಲ ಕಾಯುವುದಿಲ್ಲ. ಕಾನೂನು ಬಂದ ವಾರದಲ್ಲೇ ಅಂಗಡಿ ಮುಂದೆ ಬೋರ್ಡ್ ಬರುತ್ತದೆ. ಒರಿಜಿನಲ್ ನಾದಸ್ವರ, ಡೂಪ್ಲಿಕೇಟ್ ನಾದಸ್ವರ, ಡೋಲು ಸೆಟ್ ಜೊತೆ ಫ್ರೀ ಫಿಟ್ಟಿಂಗ್. ಹುಡುಗರಿಗೆ ವಾದ್ಯ ಎಲ್ಲಿ ಬೇಕು? ಅವರಿಗೆ ಬೇಕಿರುವುದು ತಮ್ಮ ಹೀರೋ ಸ್ಲೋ ಮೋಷನ್‌ನಲ್ಲಿ ನಡೆದು ಬರುವಾಗಿನ ಬಿಜಿಎಂ. ಒಂದೇ ಸಿಗ್ನಲ್‌ನಲ್ಲಿ ಇಬ್ಬರು ಹೀರೋಗಳ ಅಭಿಮಾನಿಗಳು ನಿಂತರೆ, ಫೇಸ್‌ಬುಕ್ ಕಾಮೆಂಟಿನಲ್ಲಿ ಇಷ್ಟು ದಿನ ಸದ್ದಿಲ್ಲದೆ ನಡೆಯುತ್ತಿದ್ದ ಯುದ್ಧಕ್ಕೆ ಸೌಂಡ್ ಬಂದ ಹಾಗಾಯಿತು.

ಇದಕ್ಕೆ ಪರಿಹಾರ ಕಂಡುಕೊಂಡವರೇ ಇಲ್ಲ ಅಂತಲ್ಲ. 2020ರ ಹೊತ್ತಿಗೆ ಮುಂಬೈ ಪೊಲೀಸರು ಕೆಲವು ಸಿಗ್ನಲ್‌ಗಳಿಗೆ ಡೆಸಿಬಲ್ ಮೀಟರ್ ಜೋಡಿಸಿದ್ದರು. ಸದ್ದು 85 ದಾಟಿದರೆ ಕೆಂಪು ದೀಪದ ಲೆಕ್ಕ ಮತ್ತೆ ಮೊದಲಿಂದ. ಹೆಚ್ಚು ಹೊಡೆದರೆ ಹೆಚ್ಚು ಕಾಯಿರಿ. ನಮ್ಮ ಶಿವಮೊಗ್ಗದ ಟ್ರಾಫಿಕ್ ಪೊಲೀಸರು 2025ರ ಜನವರಿಯಲ್ಲಿ ಇನ್ನೂ ಸರಳವಾದ ದಾರಿ ಹಿಡಿದರು. ಕರ್ಕಶ ಹಾರ್ನ್ ಹಾಕಿಕೊಂಡಿದ್ದ ಬಸ್ಸಿನ ಡ್ರೈವರನ್ನು ಕೆಳಗಿಳಿಸಿ, ಅದೇ ಹಾರ್ನ್ ಮುಂದೆ ಕಿವಿ ಕೊಟ್ಟು ಕೂರಿಸಿದರು. ಒಳಗಿನಿಂದ ಬೇರೆಯವರು ಒತ್ತಿದರು. ಆ ವಿಡಿಯೋದಲ್ಲಿ ಡ್ರೈವರ್ ಮುಖ ನೋಡಬೇಕು. ರಾಗ ಗುರುತಿಸುವ ಸ್ಥಿತಿಯಲ್ಲಂತೂ ಇರಲಿಲ್ಲ. ಖರ್ಚಿಲ್ಲ, ಸಂಶೋಧನೆ ಇಲ್ಲ, ಕಾನೂನು ತಿದ್ದುಪಡಿ ಇಲ್ಲ. ಅದಕ್ಕೇ ಇರಬೇಕು, ಇಂಥದ್ದನ್ನು ದೇಶಕ್ಕೆಲ್ಲ ವಿಸ್ತರಿಸುವ ಮಾತು ಯಾರೂ ಆಡಲಿಲ್ಲ.

ಸಂಗೀತದ ದಾರಿಯೇ ಬೇಕು ಅನ್ನುವುದಾದರೆ ಅರ್ಧಂಬರ್ಧ ಬೇಡ, ಸರಿಯಾಗಿ ಮಾಡೋಣ. ನಮ್ಮಲ್ಲಿ ಸಂಗೀತ ಪರೀಕ್ಷೆಗಳು ಮೊದಲಿಂದಲೂ ಇವೆ. ಎಲ್‌ಎಲ್‌ಗೆ ಜೂನಿಯರ್ ಪಾಸಾಗಿರಬೇಕು. ಡಿಎಲ್‌ಗೆ ಸೀನಿಯರ್. ಬಸ್ಸು, ಲಾರಿ ಓಡಿಸುವವರಿಗೆ ವಿದ್ವತ್ ಕಡ್ಡಾಯ. ಆರ್‌ಟಿಒ ಮೈದಾನದಲ್ಲಿ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಒಬ್ಬ ವಿದ್ವಾಂಸರು ಶ್ರುತಿಪೆಟ್ಟಿಗೆ ಇಟ್ಟುಕೊಂಡು ಕೂರಲಿ. ಎಂಟು ಹಾಕುವಾಗ ಆದಿತಾಳ ತಪ್ಪಬಾರದು. ರಿವರ್ಸ್ ತೆಗೆಯುವಾಗ ಅವರೋಹಣ ಬರಬೇಕು.

ಗೇಟಿನ ಹೊರಗೆ ಏಜೆಂಟ್ ಇದ್ದೇ ಇರುತ್ತಾನೆ. ಫೈಲ್ ಕಂಕುಳಲ್ಲಿ ಇಟ್ಟುಕೊಂಡು, ಬೆವರುತ್ತಿರುವ ನಮ್ಮ ಕಡೆ ನೋಡಿ ಹೇಳುತ್ತಾನೆ: "ರಾಗ ತಾಳ ಎಲ್ಲ ಯಾಕ್ ಸಾರ್ ತಲೆ ಕೆಡಿಸ್ಕೊತೀರಾ? ವಾದ್ಯ ಅನ್ನೋ ಕಾಲಮ್ಮಲ್ಲಿ ತಂಬೂರಿ ಅಂತ ಬರೀರಿ. ಸಿಗ್ನಲ್‌ನಲ್ಲಿ ಸುಮ್ನೆ ಒತ್ತಿ ಹಿಡ್ಕೊಳ್ಳಿ. ಅದ್ರಲ್ಲಿ ಅಪಸ್ವರದ ಮಾತೇ ಇಲ್ಲ."