ದೋರೆಗಾಯಿಗೆ ಕಪಾಟಿಲ್ಲ

ಮನೆ ಕಂದಾಯ ಕಟ್ಟಿದ ರಸೀದಿಯನ್ನು ಮೇಲಿಂದ ಕೆಳಗಿನವರೆಗೆ ಓದುವ ಚಟ ನನಗಿದೆ. ಓದಲು ಬೇರೇನೂ ಸಿಗದ ಊರಿನಲ್ಲಿದ್ದರೆ ಇಂಥ ಚಟಗಳು ತಾವಾಗಿ ಅಂಟಿಕೊಳ್ಳುತ್ತವೆ. ಕಂದಾಯದ ಮೇಲೆ ಶೇ. 15 ಆರೋಗ್ಯ ಕರ, ಶೇ. 6 ಗ್ರಂಥಾಲಯ ಕರ, ಶೇ. 3 ಭಿಕ್ಷುಕರ ಕರ ಎಂದು ಒಂದರ ಕೆಳಗೊಂದು ನಮೂದಾಗಿರುತ್ತದೆ. ಭಿಕ್ಷುಕನಿಗೆ ಒಂದು ಪಾಲಾದರೆ ಓದುಗನಿಗೆ ಎರಡು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕೃಪೆಯಿಂದ ನಾವು ಅಷ್ಟರಮಟ್ಟಿಗೆ ಮೇಲಿದ್ದೇವೆ ಎಂದು ಈಚಿನವರೆಗೂ ಹೆಮ್ಮೆಪಡುತ್ತಿದ್ದೆ.

ಹೆಮ್ಮೆಗೆ ಕಲ್ಲು ಹಾಕಿದವಳು ಅಣ್ಣನ ಮಗಳು. ಹದಿನಾಲ್ಕು ವರ್ಷ, ಒಂಬತ್ತನೆಯ ತರಗತಿ. ದಸರಾ ರಜೆಯಲ್ಲಿ ಯಾರೋ ಗೆಳತಿ ಕೊಟ್ಟ ಕಾದಂಬರಿಯನ್ನು ಎರಡೇ ದಿನದಲ್ಲಿ ಮುಗಿಸಿ, ಮೂರನೆಯ ದಿನ ನಾನು ಹಲ್ಲುಜ್ಜುತ್ತಿರುವಾಗಲೇ ಬಂದು, "ಚಿಕ್ಕಪ್ಪ, ಇಂಥದ್ದೇ ಇನ್ನೊಂದು ಬೇಕು" ಎಂದಳು. ಈಗಿನ ಮಕ್ಕಳು ಓದುವುದಿಲ್ಲ, ಮೂರು ಹೊತ್ತೂ ಮೊಬೈಲ್ ಎಂದು ಹತ್ತು ವರ್ಷದಿಂದ ಕೊರಗಿಕೊಂಡು ನೆಮ್ಮದಿಯಾಗಿದ್ದವನು ನಾನು. ಓದುವ ಮಗುವೇ ಎದುರಿಗೆ ಬಂದು ನಿಂತರೆ ಏನು ಮಾಡಬೇಕೆಂಬುದನ್ನು ಯೋಚಿಸಿರಲಿಲ್ಲ.

ಮೊದಲು ಹಿರಿಯರನ್ನು ಕೇಳಿದೆವು. ನಮ್ಮದು ಕೋಲಾರ ಜಿಲ್ಲೆ. ಮಾಲೂರು ಕಡೆಯ ಮಾಸ್ತಿ, ಮುಳಬಾಗಿಲಿನ ಡಿವಿಜಿ ಇಬ್ಬರೂ ನಮ್ಮವರು. ಇಲ್ಲಿ ಬರ ನೀರಿಗಿದೆಯೇ ಹೊರತು ಸಲಹೆಗಿಲ್ಲ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರರು, "ದಿನಕ್ಕೊಂದು ಕಗ್ಗ ಬಾಯಿಪಾಠ ಮಾಡಮ್ಮ, ಬೇರೇನೂ ಬೇಡ" ಎಂದರು. ಡಿವಿಜಿ ಹುಟ್ಟಿದ್ದು 1887ರಲ್ಲಿ, ಮಂಕುತಿಮ್ಮನ ಕಗ್ಗ ಅಚ್ಚಾದದ್ದು 1943ರಲ್ಲಿ ಎಂದು ಅವರೇ ವಿವರಿಸಿದರು. ಹುಡುಗಿ ಲೆಕ್ಕದಲ್ಲಿ ಚುರುಕು. "ಹಾಗಾದರೆ ನನಗೆ ಇನ್ನೂ ನಲವತ್ತೆರಡು ವರ್ಷ ಟೈಮಿದೆ ತಾತ" ಎಂದಳು. ಬ್ಯಾಂಕಿನಿಂದ ನಿವೃತ್ತರಾದ ಇನ್ನೊಬ್ಬರು ವ್ಯಕ್ತಿತ್ವ ವಿಕಸನದ ಪುಸ್ತಕವೊಂದನ್ನು ತಂದುಕೊಟ್ಟರು. ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದವರೆಲ್ಲ ಕೋಟ್ಯಧೀಶರಾದರು ಎಂಬುದು ಅದರ ಸಾರ. ನಮ್ಮ ಬೀದಿಗೆ ಹಾಲು ಹಾಕುವವರು ಮೂರಕ್ಕೇ ಏಳುತ್ತಾರೆ. ಅವರ ವಿಷಯ ಅದರಲ್ಲಿ ಇರಲಿಲ್ಲ.

ಅತ್ತಿಗೆಯ ಚಿಂತೆ ಬೇರೆ. "ಯಾವ ಪುಸ್ತಕವನ್ನಾದರೂ ಕೊಡಿ, ಪ್ರೀತಿ ಗೀತಿ ಎಂದೇನೂ ಇರಬಾರದು" ಎಂದರು. ಹಾಗೆನ್ನುವಾಗ ಅವರ ಕಣ್ಣು ಟಿ.ವಿ. ಮೇಲಿತ್ತು. ಧಾರಾವಾಹಿಯಲ್ಲಿ ಚಿಕ್ಕ ಸೊಸೆ ದೊಡ್ಡ ಸೊಸೆಯ ಪಾಯಸಕ್ಕೆ ವಿಷ ಬೆರೆಸುತ್ತಿದ್ದಳು. ಹುಡುಗಿಯೂ ಪಕ್ಕದಲ್ಲೇ ಕುಳಿತು ಮಂಡಕ್ಕಿ ತಿನ್ನುತ್ತ ನೋಡುತ್ತಿದ್ದಳು. ಮನೆಯಲ್ಲಿ ವಿಷಕ್ಕೆ ಅಡ್ಡಿಯಿಲ್ಲ, ಓದುವಾಗ ಮನಸ್ಸು ಕೆಡಬಾರದು ಅಷ್ಟೆ.

ಕಡೆಗೆ ಗ್ರಂಥಾಲಯಕ್ಕೆ ಹೋದೆವು. ಊರಿನ ಹೆಸರು ಹೇಳುವುದಿಲ್ಲ. ನಾಳೆಯೂ ನಾನು ಅಲ್ಲಿಗೇ ಪೇಪರ್ ಓದಲು ಹೋಗಬೇಕು. ಒಳಗೆ ಕಾಲಿಟ್ಟ ಕೂಡಲೇ ಗೋಡೆಯ ಮೇಲೆ ಎಸ್. ಆರ್. ರಂಗನಾಥನ್ ಅವರ ಫೋಟೊ. ಆಗಸ್ಟ್ 12 ಅವರ ಜನ್ಮದಿನ, ಗ್ರಂಥಪಾಲಕರ ದಿನ. ಅಂದು ಹಾಕಿದ ಹಾರ ಒಣಗಿ, ದಾರಕ್ಕೆ ಅಂಟಿಕೊಂಡ ನಾಲ್ಕು ಸೇವಂತಿಗೆ ತೊಟ್ಟು ಉಳಿದಿದ್ದವು. ಫೋಟೊದ ಕೆಳಗೆ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುವು ಎರಡನೆಯದು ಮತ್ತು ಮೂರನೆಯದು. ಓದುಗನ ಸಮಯ ಉಳಿಸಿ ಎಂಬುದು ನಾಲ್ಕನೆಯದು. ಆ ನಾಲ್ಕನೆಯ ಸೂತ್ರವನ್ನು ಇಲ್ಲಿ ಅಕ್ಷರಶಃ ಪಾಲಿಸುತ್ತಾರೆ. "ಇಲ್ಲ" ಎಂಬ ಉತ್ತರಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅದಕ್ಕೂ ಮುಂಚೆ ಒಂದು ಪ್ರಶ್ನೆ ಬಂತು. ಮೇಜಿನ ಹಿಂದಿದ್ದವರು ತಲೆಯೆತ್ತಿ, "ಯಾವ ಎಗ್ಜಾಮ್?" ಎಂದು ಕೇಳಿದರು.

"ಎಗ್ಜಾಮ್ ಇಲ್ಲ ಸರ್. ಸುಮ್ಮನೆ ಓದಲಿಕ್ಕೆ."

"ಸುಮ್ಮನೆ ಎಂದರೆ? ಎಫ್‌ಡಿಎಯೋ, ಎಸ್‌ಡಿಎಯೋ?"

ಅವರನ್ನು ದೂರಿ ಫಲವಿಲ್ಲ. ಸುತ್ತ ಕಣ್ಣಾಡಿಸಿದರೆ ಪ್ರಶ್ನೆ ಸಹಜವೇ. ದೊಡ್ಡ ಹಾಲಿನಲ್ಲಿ ಮೂವತ್ತು ಯುವಕರು ಮನೆಯಿಂದ ತಂದ ದಿಂಬು, ನೀರಿನ ಬಾಟಲಿ, ಊಟದ ಡಬ್ಬಿ ಇಟ್ಟುಕೊಂಡು ಸಾಮಾನ್ಯ ಜ್ಞಾನದ ಗೈಡುಗಳ ಮೇಲೆ ಬಗ್ಗಿದ್ದರು. ವರಾಂಡದಲ್ಲಿ ನಿವೃತ್ತರು ಪೇಪರಿನ ಪುಟಗಳನ್ನು ಪಾಲು ಮಾಡಿಕೊಂಡು ಕುಳಿತಿದ್ದರು. ಕಾದಂಬರಿಗಳಿದ್ದ ಗಾಜಿನ ಕಪಾಟಿಗೆ ಬೀಗ. ಅದರ ಕೀ ಇದ್ದವರು ಸೋಮವಾರ ಬರುತ್ತಾರಂತೆ. ಸೋಮವಾರ ವಾರದ ರಜೆ ಎಂದು ಬಾಗಿಲ ಮೇಲೆ ಬರೆದಿತ್ತು.

"ಕಥೆ ಪುಸ್ತಕವಾದರೆ ಮಕ್ಕಳ ವಿಭಾಗಕ್ಕೆ ಹೋಗಿ" ಎಂದರು. ಹೋದೆವು. ಗೋಡೆಯ ತುಂಬ ಕೊಡೆ ಹಿಡಿದ ಆನೆ, ಕನ್ನಡಕ ಹಾಕಿದ ಮೊಲ. ಕೆಂಪು, ನೀಲಿ ಬಣ್ಣದ ಪುಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಹುಡುಗಿ ಅದರಲ್ಲೊಂದರ ಮೇಲೆ ಕುಳಿತಾಗ ಮೊಣಕಾಲು ಗಲ್ಲಕ್ಕೆ ತಾಗಿತು. ಅದೇ ಭಂಗಿಯಲ್ಲಿ ಕಪಾಟಿನ ಕೆಳಗಿನ ಸಾಲನ್ನು ಒಂದೊಂದಾಗಿ ಎಳೆದು ನೋಡಿದಳು. ಮೊಲ ಸಿಂಹವನ್ನು ಬಾವಿಗೆ ಬೀಳಿಸಿದ ಕಥೆ ಐದು ಪ್ರಕಾಶಕರಿಂದ ಐದು ಬಗೆಯ ಮುಖಪುಟದಲ್ಲಿ ಬಂದಿತ್ತು. ಐದರಲ್ಲೂ ಸಿಂಹ ಸಾಯುತ್ತದೆ, ಐದರಲ್ಲೂ ಕೊನೆಯ ಪುಟದಲ್ಲಿ ನೀತಿ.

ಹನ್ನೆರಡರವರೆಗೆ ಮೊಲ, ಹದಿನೆಂಟರಿಂದ ಸಾಮಾನ್ಯ ಜ್ಞಾನ. ನಡುವಿನ ಆರು ವರ್ಷ ಕನ್ನಡದ ಮನುಷ್ಯ ಏನು ಓದುತ್ತಾನೆ? ಎಸ್ಸೆಸ್ಸೆಲ್ಸಿ ಓದುತ್ತಾನೆ, ಪಿಯುಸಿ ಓದುತ್ತಾನೆ. "ಏನು ಓದುತ್ತಿದ್ದೀಯ ಮಗು?" ಎಂದು ನೆಂಟರು ಕೇಳಿದಾಗ ಪುಸ್ತಕದ ಹೆಸರು ಹೇಳಿದ ಮಗುವನ್ನು ನಾನಂತೂ ಕಂಡಿಲ್ಲ. ಹೇಳಿದರೆ ತಲೆಹರಟೆ ಎನ್ನುತ್ತಾರೆ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ತರಗತಿಯ ಹೆಸರು. ತಪ್ಪಿದರೆ ಶೇಕಡಾವಾರು ಅಂಕ.

ಅಮೆರಿಕದ ಗ್ರಂಥಾಲಯ ಸಂಘ ಹದಿಹರೆಯದ ಓದುಗರಿಗೆಂದೇ 1957ರಲ್ಲಿ ಒಂದು ವಿಭಾಗ ತೆರೆಯಿತು. ಹನ್ನೆರಡರಿಂದ ಹದಿನೆಂಟರವರು ಅದರ ಲೆಕ್ಕದಲ್ಲಿ 'ಯಂಗ್ ಅಡಲ್ಟ್'. ಆ ವಯಸ್ಸಿನವರ ಪುಸ್ತಕಗಳಿಗೆ 2000ದಿಂದ ಕೊಡುತ್ತಿರುವ ಪ್ರಿಂಟ್ಜ್ ಪ್ರಶಸ್ತಿಯ ಹೆಸರು ಯಾವ ಮಹಾಕವಿಯದೂ ಅಲ್ಲ, ಮಂತ್ರಿಯದೂ ಅಲ್ಲ. ಕ್ಯಾನ್ಸಸ್ ರಾಜ್ಯದ ಟೊಪೀಕಾ ಊರಿನಲ್ಲಿ ಶಾಲೆಯೊಂದರ ಗ್ರಂಥಪಾಲಕರಾಗಿದ್ದ ಮೈಕೇಲ್ ಪ್ರಿಂಟ್ಜ್ ಅವರದು. ಇದನ್ನು ಹುಡುಗಿಗೆ ಹೇಳಿ ಕೆಟ್ಟೆ. "ಶಾಲೆಯಲ್ಲಿ ಗ್ರಂಥಪಾಲಕರು ಎಂದು ಬೇರೆಯೇ ಇರುತ್ತಾರಾ ಚಿಕ್ಕಪ್ಪ?" ಎಂದಳು. ಅವಳ ಶಾಲೆಯಲ್ಲಿ ಪುಸ್ತಕದ ಬೀರುವಿನ ಕೀ ಪಿ.ಟಿ. ಮೇಷ್ಟರ ಬಳಿ, ಫುಟ್‌ಬಾಲಿಗೆ ಗಾಳಿ ತುಂಬುವ ಪಂಪಿನ ಜೊತೆಯಲ್ಲಿದೆ.

ಕನ್ನಡದಲ್ಲಿ ಈ ವಯಸ್ಸಿಗೆ ಒಗ್ಗುವಂಥದ್ದನ್ನು ಯಾರೂ ಬರೆದೇ ಇಲ್ಲವೆಂದಲ್ಲ. ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಮರುವರ್ಷ ಕನ್ನಡಕ್ಕೆ ಅದು ಬಂದದ್ದು ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ. ಇದೆಯೇ ಎಂದು ಕೇಳಿದೆ. "ಬಾಲ ಎಂದಿದೆಯಲ್ಲ, ಆನೆ ಮೊಲದ ಕೋಣೆಯಲ್ಲೇ ನೋಡಿ" ಎಂದರು. ಆ ಕೋಣೆಯಲ್ಲಿ ಅದಿರಲಿಲ್ಲ. ಮುಳುಗಡೆ ಎಂದಿರುವುದರಿಂದ ನೀರಾವರಿ ವಿಭಾಗದಲ್ಲಿದ್ದರೂ ಇರಬಹುದು ಎಂದು ನನ್ನ ಊಹೆ.

ಪುಸ್ತಕ ಇಲ್ಲಿಗೆ ಬರುವ ದಾರಿಯನ್ನೂ ನೋಡಬೇಕು. ಸಗಟು ಖರೀದಿಯಲ್ಲಿ ಪುಸ್ತಕದ ದರ ಪುಟದ ಲೆಕ್ಕದ ಮೇಲೆ ನಿಂತಿದೆ, ಪುಟಕ್ಕೆ ಇಷ್ಟು ಪೈಸೆ ಎಂದು. ಒಳಗಿನದು ವಿಷವೋ ಪಾಯಸವೋ, ಪುಟ ಎಣಿಸಿದರೆ ಸಾಕು. ನಮ್ಮ ಕೋಲಾರದ ಎಪಿಎಂಸಿಗೆ ಬೆಳಗಿನ ಹರಾಜಿನ ಹೊತ್ತಿಗೆ ಬಂದು ನೋಡಿ. 15 ಕಿಲೋ ಟೊಮೆಟೊ ಬಾಕ್ಸನ್ನು ಯಾವ ವ್ಯಾಪಾರಿಯೂ ಹಾಗೆ ಎತ್ತುವುದಿಲ್ಲ. ಮೇಲಿನ ಎರಡು ಹಣ್ಣು ಸರಿಸಿ, ಕೈ ಒಳಗಿಳಿಸಿ, ತಳದಿಂದ ಒಂದನ್ನು ತೆಗೆದು ಅಮುಕಿ ನೋಡುತ್ತಾನೆ. ಕಾಯಿ ಯಾವುದು, ದೋರೆ ಯಾವುದು, ಹಣ್ಣು ಯಾವುದು ಎಂಬುದು ಅವನ ಹೆಬ್ಬೆರಳಿಗೆ ಗೊತ್ತು. ತೀರ ಹಣ್ಣಾದದ್ದು ಹತ್ತಿರದ ಊರಿಗೆ. ಲಾರಿಯಲ್ಲಿ ದಿನಗಟ್ಟಲೆ ಕುಲುಕಾಡಿಕೊಂಡು ದೂರದ ರಾಜ್ಯಕ್ಕೆ ಹೋಗಬೇಕಾದದ್ದು ದೋರೆಗಾಯಿ. ಅದನ್ನು ಅವನು ಬೇರೆಯೇ ಜೋಡಿಸುತ್ತಾನೆ, ಒಂದು ಕಣ್ಣು ಹೆಚ್ಚಿಗೆ ಇಟ್ಟೇ ಜೋಡಿಸುತ್ತಾನೆ. ಗ್ರಂಥಾಲಯ ಕರದಂಥದ್ದು ಏನೂ ಇಲ್ಲದೆಯೇ ಇಷ್ಟು ನಡೆಯುತ್ತದೆ.

ಸಾಹಿತ್ಯ ಸಮ್ಮೇಳನಗಳಲ್ಲಿ 'ಹದಿಹರೆಯ ಮತ್ತು ಓದು' ಎಂಬ ಗೋಷ್ಠಿ ಇರುತ್ತದೆಯಲ್ಲ ಎನ್ನಬಹುದು. ಇರುತ್ತದೆ. ವೇದಿಕೆಯ ಮೇಲೆ ಎಲ್ಲರೂ ಅರವತ್ತು ದಾಟಿದವರು. ಹದಿಹರೆಯದವರನ್ನು ಬೆಳಿಗ್ಗೆ ಏಳಕ್ಕೇ ಶಾಲೆಯಿಂದ ಕರೆತಂದು ತಲೆಯ ಮೇಲೆ ಪೂರ್ಣಕುಂಭ ಹೊರಿಸಿರುತ್ತಾರೆ. ಗೋಷ್ಠಿಯ ಹೊತ್ತಿಗೆ ಅವರು ಊಟದ ಸಾಲಿನಲ್ಲಿರುತ್ತಾರೆ. ಅವರ ಬಗ್ಗೆ ತಿಳಿದವರು ಮಾತನಾಡುತ್ತಿರುವಾಗ ಅವರೇ ಅಲ್ಲಿದ್ದು ಮಾಡುವುದೇನು?

ಇನ್ನೇನು ಹೊರಡಬೇಕು, ಹಾಲಿನಲ್ಲಿದ್ದ ಹುಡುಗನೊಬ್ಬ ನಮ್ಮ ಪೇಚಾಟ ನೋಡಿ ಮರುಗಿ ತನ್ನ ಗೈಡನ್ನೇ ಮುಂದೆ ಹಿಡಿದ. ಇಟ್ಟಿಗೆಯಷ್ಟು ದಪ್ಪ, ಅಂಚುಗಳು ಬೆವರಿಗೆ ಕಪ್ಪಾಗಿದ್ದವು. "ತೆಗೆದುಕೊಳ್ಳಮ್ಮ, ಕನ್ನಡ ಸಾಹಿತ್ಯ ಪೂರ್ತಿ ಇದರಲ್ಲೇ ಇದೆ" ಎಂದ. ಹುಡುಗಿ ನಿಂತಲ್ಲೇ ಬಿಡಿಸಿ ಓದತೊಡಗಿದಳು. ಪುಟದ ನಡುವೆ ಅವಳ ಬೆರಳು ನಿಂತಿತು. ಯಾವುದೋ ಕಾದಂಬರಿಯ ಹೆಸರು ಕೊಟ್ಟು, ಮದುವೆಯ ಹಿಂದಿನ ರಾತ್ರಿ ಮನೆ ಬಿಟ್ಟು ಹೋಗುವ ಪಾತ್ರ ಯಾವುದು ಎಂದು ಕೇಳಿತ್ತು. ಕೆಳಗೆ ನಾಲ್ಕು ಹೆಸರು.

"ಅಣ್ಣ, ಅವಳು ಏಕೆ ಮನೆ ಬಿಟ್ಟು ಹೋದಳು?"

ಹುಡುಗ ಸರಸರನೆ ಕೊನೆಯ ಪುಟ ತೆರೆದು, "ಉತ್ತರ ಸಿ" ಎಂದ.

"ಅದು ಗೊತ್ತಾಯಿತು. ಏಕೆ ಹೋದಳು?"

ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ಅವನಿಗಿಂತ ಹಳಬ, ನಾಲ್ಕು ಸಲ ಪರೀಕ್ಷೆ ಬರೆದವನು. ಪೆನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಜಕ್ಕೂ ಯೋಚಿಸಿದ.

"ಹತ್ತು ವರ್ಷದ ಪ್ರಶ್ನೆಪತ್ರಿಕೆ ನೋಡಿದ್ದೇನಮ್ಮ," ಎಂದ. "ಅದನ್ನು ಇದುವರೆಗೆ ಯಾರೂ ಕೇಳಿಲ್ಲ."