ಆರು ಜನ ಸೇರಿದರೆ

ಡಿಸೆಂಬರ್ ಬಂತೆಂದರೆ ಕೊಡಗಿನಲ್ಲಿ ಅರೇಬಿಕಾ ಕೊಯ್ಲು, ಬೆಂಗಳೂರು-ಚೆನ್ನೈಗಳಲ್ಲಿ ಗಣಿತ ಸಮ್ಮೇಳನಗಳ ಸುಗ್ಗಿ. ಹೊರದೇಶದ ಪ್ರೊಫೆಸರುಗಳಿಗೆ ರಜೆ ಸಿಗುವುದೂ ಆಗಲೇ. ಹಾಗಾಗಿ ತೋಟಕ್ಕೆ ಆಳು ಸಾಲದ ಹೊತ್ತಿಗೆ ಸರಿಯಾಗಿ ನಾನು ಬ್ಯಾಗು ಹಿಡಿದು ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ. ನಮ್ಮ ಜಿಲ್ಲೆಗೆ ರೈಲಂತೂ ಇಲ್ಲ.

"ಅಲ್ಲಿ ಹೋಗಿ ಏನು ಮಾಡ್ತೀಯ?" ಎಂದು ಚಿಕ್ಕಮ್ಮ ಕೇಳಿದರು. ಕಾಂಬಿನೇಟರಿಕ್ಸ್ ಅಂದರೆ ಎಣಿಸುವ ಶಾಸ್ತ್ರ ಅಂದೆ.

"ಎಣಿಸೋದಕ್ಕೆ ಅಷ್ಟು ದೂರ ಯಾಕೆ ಮಾರಾಯ? ಕಣದಲ್ಲಿ ಚೀಲ ಇದೆ, ಎಣಿಸು."

ಬಿಡಲಿಲ್ಲ ನಾನು. 9ನೇ ಶತಮಾನದಲ್ಲೇ, ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎನ್ನುವುದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ ಎಂದೆ. "ಅವನಿಗೆ ತೋಟ ಇರಲಿಲ್ಲವೇನೋ" ಎಂದರು.

ಸಮ್ಮೇಳನದ ಭಾಷಣಗಳಲ್ಲಿ ನನಗಿಷ್ಟ ಚಾಕ್‌ಪೀಸಿನವು. ಸ್ಲೈಡು ಹಾಕುವವರು ಒಂದು ಗುಂಡಿ ಒತ್ತಿ ಇಡೀ ಸಾಧನೆಯನ್ನು ದಾಟಿಸಿಬಿಡುತ್ತಾರೆ. ಬೋರ್ಡಿನ ಮೇಲೆ ಬರೆಯುವವರು ಕೈಗಿಂತ ವೇಗವಾಗಿ ಓಡಲಾರರು. ತಾಪತ್ರಯ ಬರುವುದು ರಾಮ್ಸೇ ಸಿದ್ಧಾಂತದ ದಿನ. ಜನರನ್ನು ಚುಕ್ಕಿಗಳಾಗಿಸಿ ಇಬ್ಬಿಬ್ಬರ ನಡುವೆ ಗೆರೆ ಎಳೆಯುತ್ತಾರೆ: ಪರಿಚಯವಿದ್ದರೆ ಕೆಂಪು, ಇಲ್ಲದಿದ್ದರೆ ನೀಲಿ. ಹಸಿರು ಬೋರ್ಡು, ಮಂಕು ಟ್ಯೂಬ್‌ಲೈಟು, ನನ್ನದು ಹಿಂದಿನ ಬೆಂಚು. ನೀಲಿ ಗೆರೆ ಎನ್ನುವುದು ಕೇವಲ ನಂಬಿಕೆಯ ಮಾತು.

ವಿಷಯ ಮಾತ್ರ ಸೊಗಸು. ಯಾವುದೇ ಆರು ಜನ ಸೇರಲಿ, ಪರಸ್ಪರ ಪರಿಚಯವಿರುವ ಮೂವರೋ ಪರಸ್ಪರ ಅಪರಿಚಿತರಾದ ಮೂವರೋ ಸಿಕ್ಕೇ ಸಿಗುತ್ತಾರೆ. ಒಬ್ಬರನ್ನು ಹಿಡಿದುಕೊಳ್ಳಿ. ಉಳಿದ ಐವರಲ್ಲಿ ಕನಿಷ್ಠ ಮೂವರು ಅವರಿಗೆ ಪರಿಚಿತರು, ಇಲ್ಲವೇ ಕನಿಷ್ಠ ಮೂವರು ಅಪರಿಚಿತರು. ಪರಿಚಿತರೆಂದಿಟ್ಟುಕೊಳ್ಳಿ. ಆ ಮೂವರಲ್ಲಿ ಯಾರಾದರಿಬ್ಬರಿಗೆ ಪರಿಚಯವಿದ್ದರೆ ಮೊದಲಿನವರೂ ಸೇರಿ ಮೂವರಾಯಿತು. ಯಾರಿಗೂ ಇಲ್ಲದಿದ್ದರೆ ಅವರೇ ಅಪರಿಚಿತ ಮೂವರು. ಅಷ್ಟೇ. ಮೂವರ ಬದಲು ನಾಲ್ವರು ಬೇಕೆಂದರೆ 18 ಜನ ಸೇರಬೇಕು. ಐವರು ಬೇಕೆಂದರೆ? 43ರಿಂದ 46ರ ನಡುವೆ ಎಲ್ಲೋ ಇದೆ ಉತ್ತರ. ಕಂಪ್ಯೂಟರುಗಳೂ ಅಲ್ಲೇ ನಿಂತಿವೆ. ಎಷ್ಟೇ ಜನರ ಗುಂಪು ಬೇಕೆಂದರೂ ಇಷ್ಟು ಮಂದಿ ಸೇರಿದರೆ ಸಾಕು ಎನ್ನುವ ಸಾಮಾನ್ಯ ಮೇಲ್ಮಿತಿಯ ಕಥೆ ಇನ್ನೂ ನಿಧಾನದ್ದು. 1935ರಲ್ಲಿ ಗಣಿತಜ್ಞರಾದ ಎರ್ಡಿಶ್ ಮತ್ತು ಸೆಕೆರೆಶ್ ಕೊಟ್ಟದ್ದು ನಾಲ್ಕರ ಘಾತದಲ್ಲಿತ್ತು, ಅಂದರೆ ಗುಂಪಿಗೆ ಒಬ್ಬರು ಹೆಚ್ಚಿದಂತೆಲ್ಲ ಮಿತಿ ಸುಮಾರು ನಾಲ್ಕು ಪಟ್ಟು. ಆ ನಾಲ್ಕನ್ನು ಒಂದಿಷ್ಟು ಇಳಿಸಲು 2023ರವರೆಗೆ ಕಾಯಬೇಕಾಯಿತು.

ನಮ್ಮೂರ ಮದುವೆಯಲ್ಲಿ ಪ್ರಮೇಯದ ಅರ್ಧ ಭಾಗ ಕೆಲಸಕ್ಕೇ ಬರುವುದಿಲ್ಲ. ಗೋಣಿಕೊಪ್ಪದ ಕಲ್ಯಾಣಮಂಟಪದಲ್ಲಿ ಮೂವರು ಅಪರಿಚಿತರನ್ನು ಹುಡುಕಿ ನೋಡೋಣ! ಪಂದಿ ಕರಿ ಬಡಿಸಿಕೊಳ್ಳುವ ಸಾಲಿನಲ್ಲಿ ಪಕ್ಕದವರು "ಯಾವ ಮನೆ? ಯಾವ ಊರು?" ಎನ್ನುತ್ತಾರೆ. ಮನೆಹೆಸರು ಹೇಳಿದಿರೋ, ಕಡಂಬುಟ್ಟು ತಟ್ಟೆಗೆ ಬೀಳುವ ಮುಂಚೆ ನಿಮ್ಮ ಅಜ್ಜಿಯ ತವರನ್ನು ಹಿಡಿದು ಅವರ ಭಾವನ ತನಕ ಬಂದಿರುತ್ತಾರೆ.

ಸಮ್ಮೇಳನದ ಟೀ ಬ್ರೇಕೂ ಇದೇ ತರಹ. (ಟೀಯನ್ನೇ ಕುಡಿಯಿರಿ. ಗಣಿತಜ್ಞನೆಂದರೆ ಕಾಫಿಯನ್ನು ಪ್ರಮೇಯವಾಗಿಸುವ ಯಂತ್ರ ಎಂಬ ಮಾತು ಗಣಿತಜ್ಞ ರೇನಿಯದಂತೆ. ಆ ಫ್ಲಾಸ್ಕಿನ ಚಿಕೋರಿ ನೀರಿನಿಂದ ಲೆಮ್ಮಾ, ಅಂದರೆ ಪ್ರಮೇಯಕ್ಕೆ ಮೆಟ್ಟಿಲಾಗುವ ಪುಟ್ಟ ಫಲಿತಾಂಶ, ಕೂಡ ಹುಟ್ಟಲಿಕ್ಕಿಲ್ಲ.) ಅಲ್ಲಿ ಕೇಳುವುದು "ನಿಮ್ಮ ಗೈಡ್ ಯಾರು?" ಎಂದು. ಆಮೇಲೆ ಎರ್ಡಿಶ್ ಸಂಖ್ಯೆ. ಪಾಲ್ ಎರ್ಡಿಶ್ 500ಕ್ಕೂ ಹೆಚ್ಚು ಮಂದಿಯ ಜೊತೆ ಸೇರಿ ಪೇಪರ್ ಬರೆದ ಮಹಾಶಯ. ಮನೆ-ಮಠವಿಲ್ಲದೆ ಸೂಟ್‌ಕೇಸ್ ಹಿಡಿದು ಗೆಳೆಯರ ಮನೆಯಿಂದ ಮನೆಗೆ ತಿರುಗುತ್ತ ಬದುಕಿದವನು, ತೀರಿಕೊಂಡದ್ದು 1996ರಲ್ಲಿ, ಒಂದು ಸಮ್ಮೇಳನಕ್ಕೆಂದು ವಾರ್ಸಾಗೆ ಹೋಗಿದ್ದಾಗ. ಅವನ ಜೊತೆ ಬರೆದವರಿಗೆ 1, ಅವರ ಜೊತೆ ಬರೆದವರಿಗೆ 2, ಹೀಗೆ ಸಂಬಂಧ ದೂರವಾಗುತ್ತ ಹೋಗುತ್ತದೆ. ಇದರಿಂದ ಸಂಬಳವೇನೂ ಏರುವುದಿಲ್ಲ. ಆದರೂ ಎಲ್ಲರಿಗೂ ತಮ್ಮ ತಮ್ಮ ಸಂಖ್ಯೆ ಬಾಯಿಪಾಠ.

ನನ್ನದು 4. ಕಳೆದ ಸಲ ಪಕ್ಕದಲ್ಲಿ ನಿಂತಿದ್ದ ಹಿರಿಯರು ಯಾವುದೋ ಮಾತಿಗೆ ತಮ್ಮದು 2 ಎಂದರು. ಅವರ ಜೊತೆ ಒಂದು ಪೇಪರ್ ಬರೆದರೆ ನನ್ನದು 3. ತಟ್ಟೆಯಲ್ಲಿದ್ದ ಕೊನೆಯ ಗೋಡಂಬಿ ಬಿಸ್ಕತ್ತನ್ನು ಅವರ ಕಡೆ ಸರಿಸಿ, "ಸರ್, ತಾವು ಈಗ ಯಾವ ಪ್ರಾಬ್ಲೆಮ್ ನೋಡ್ತಾ ಇದ್ದೀರಿ?" ಎಂದೆ.