ಕರೆಂಟಿಲ್ಲದ ಲೀಡ್ಸ್

ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಬಾರದೆಂಬ ಕರಾರಿಗೆ ತಲೆಬಾಗಿ, ಅಂಟುಪಟ್ಟಿಯನ್ನು ನಂಬಿ ತೂಗುಹಾಕಿದ್ದ ಚಿತ್ರ ನಿನ್ನೆ ರಾತ್ರಿ ಎರಡು ಗಂಟೆಗೆ, ಮೂರನೆಯ ಬಾರಿ, ನೆಲಕ್ಕುರುಳಿತು. ಕಳ್ಳನೆಂದುಕೊಂಡು ಲಟ್ಟಣಿಗೆ ಹಿಡಿದು ಮೆಟ್ಟಿಲಿಳಿದ ನನಗೆ ಸಿಕ್ಕಿದ್ದು ಸೋಫಾದ ಹಿಂದೆ ಬೋರಲಾಗಿ ಬಿದ್ದಿದ್ದ ಬೋರ್ ಲೇನ್.

ರೈಲ್ವೆ ಗುಮಾಸ್ತಿಕೆ ಬಿಟ್ಟು ಕುಂಚ ಹಿಡಿದ, ಇಂಗ್ಲೆಂಡಿನ ಈ ಲೀಡ್ಸ್ ನಗರದವನೇ ಆದ ಜಾನ್ ಆಟ್ಕಿನ್ಸನ್ ಗ್ರಿಮ್‌ಶಾ, ಆ ರಸ್ತೆಯ ರಾತ್ರಿಯನ್ನು 1881ರಲ್ಲಿ ಬರೆದ ಚಿತ್ರದ ಮುದ್ರಿತ ಪ್ರತಿಯದು. ನಾನು ದಿನಾ ಬಸ್ಸಿಗೆ ಓಡುವ ಬೀದಿಯಲ್ಲೇ, ಮಳೆಗೆ ನೆಂದ ನೆಲದ ಮೇಲೆ ಅಂಗಡಿಗಳ ಬೆಳಕು ಬೆಣ್ಣೆಯಂತೆ ಕರಗಿ ಹರಿಯುವುದನ್ನು ಕಂಡು, ಮರುಳಾಗಿ ಕೊಂಡೆ. ಚಿತ್ರ ಎ3 ಅಳತೆಯದು. ತಂದ ಫ್ರೇಮು 40×30 ಸೆಂ.ಮೀ. ಅಂದರೆ ಉದ್ದಕ್ಕೆ 2 ಸೆಂ.ಮೀ. ಸಾಲದು, ಅಗಲಕ್ಕೆ 3 ಮಿ.ಮೀ. ಮಿಗುತ್ತದೆ. ಬ್ಲೌಸ್ ಕೆಡಿಸಿದ ದರ್ಜಿಯ ಮೇಲೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಕೊನೆಗೆ ಚಿತ್ರದ ಎರಡರಷ್ಟು ಹಣ ತೆತ್ತು ಕಟ್ಟು ಹಾಕಿಸಿದ್ದಾಯಿತು.

ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದ ಮಾವನವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಬೆಳಗಾದರೆ ಕಾಫಿ ಲೋಟ ಹಿಡಿದು ಚಿತ್ರದ ಮುಂದೆ ನಿಂತು, ಕನ್ನಡಕವನ್ನು ಹಣೆಗೇರಿಸಿ, ತೋರುಬೆರಳಿಟ್ಟು ಒಂದೊಂದೇ ದೀಪ ಎಣಿಸುವುದು ಅವರ ಸಂಧ್ಯಾವಂದನೆಯಾಯಿತು. ಗಾಜಿನ ಮೇಲೆ ದೀಪಕ್ಕೊಂದರಂತೆ ಉಳಿದ ಬೆರಳಚ್ಚುಗಳನ್ನು ಒರೆಸುವುದು ನನ್ನದಾಯಿತು. “ಇಷ್ಟಗಲದ ರಸ್ತೆಗೆ ಇಷ್ಟೇ ದೀಪವೇನಮ್ಮಾ? ಅದೂ ಲೋ ವೋಲ್ಟೇಜು!” ಅವು ಗ್ಯಾಸ್ ದೀಪಗಳು ಮಾವ, ಎಂದದ್ದೇ ತಪ್ಪಾಯಿತು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಗಣಿಗೆ ಹೋದದ್ದು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದದ್ದು ಎಲ್ಲವನ್ನೂ ನನ್ನ ಬಸ್ಸು ತಪ್ಪುವವರೆಗೆ ಕೇಳಬೇಕಾಯಿತು. ಮರುದಿನ ಎಣಿಕೆ ಮತ್ತೆ ಒಂದರಿಂದ ಶುರು. ಸಾಲದೆಂದು ಹಾಡುಹಗಲಲ್ಲೇ ಹಾಲಿನ ಲೈಟು ಹಾಕಿ, “ಈಗ ಪರವಾಗಿಲ್ಲ, ಜನ ಎಡವುವುದಿಲ್ಲ” ಎನ್ನುವರು. ಬಿಲ್ಲು ಮಾತ್ರ ನಮ್ಮ ಹೆಸರಿಗೆ ಬರುತ್ತಿತ್ತು.

ಅವರು ಊರಿಗೆ ಮರಳಿ ಎರಡು ವಾರವಾಯಿತು. ಗಾಜು ಒರೆಸದಿದ್ದರೂ ಶುಭ್ರವಾಗಿರುತ್ತದೆ; ಮೂಲೆಯ ದೀಪದ ಮೇಲೆ ಉಳಿದುಹೋದ ಒಂದು ಬೆರಳಚ್ಚನ್ನು ಅಳಿಸಲು ನನಗೇಕೋ ಕೈ ಬಂದಿಲ್ಲ.

ಈ ದಿನ ಫೋನಿನಲ್ಲಿ ಎಂದಿನಂತೆ ಮೊದಲ ಪ್ರಶ್ನೆಯೇ, “ಏನಮ್ಮಾ, ಆ ಬೀದಿಗೆ ಕರೆಂಟು ಬಂತೇ?”

“ಇಲ್ಲ ಮಾವ, ರಾತ್ರಿ ಕಂಬವೇ ಉರುಳಿತು.”

ಅವರು ಅರೆಗಳಿಗೆ ಸುಮ್ಮನಿದ್ದು, “ಮತ್ತಿನ್ನೇನು, ಕಂಬವನ್ನು ಯಾರಾದರೂ ಅಂಟಿಸಿ ನಿಲ್ಲಿಸುತ್ತಾರೆಯೇ?” ಎಂದರು.